ಶ್ರೀಧರನಿಗೆ ಕಾವಲು ನಾಯಿ ಬೇಕಂತೆ

ಬರ್ಮಿಂಗ್‌ಹ್ಯಾಮ್ ಕಡೆ ನಾಲ್ಕು ಜನ ಕನ್ನಡದವರು ಸೇರಿದರೆ ಮಾತು ಮನೆ ಸಾಲದಲ್ಲಿ ಶುರುವಾಗಿ ಊರಿನ ಸೈಟಿನಲ್ಲಿ ಮುಗಿಯುತ್ತದೆ. ಆವತ್ತು ಲತಾ ಮನೆಯಲ್ಲಿ ಕಾಫಿಗೆ ಕೂತಾಗ ಶ್ರೀಧರ ಹಳಿ ತಪ್ಪಿಸಿದ.

"ನಮ್ಮ ಪಕ್ಕದ ಬೀದಿಯಲ್ಲಿ ಕಳ್ಳತನ ಆಯ್ತು. ಅದಕ್ಕೇ ಒಂದು ಸ್ಟ್ಯಾಫಿ ನಾಯಿ ತರ್ತೀನಿ. ಆ ಎದೆ, ಆ ದವಡೆ ನೋಡಿದರೆ ಸಾಕು, ಕಳ್ಳ ಗೇಟಿನಿಂದಲೇ ವಾಪಸ್!"

ಲತಾ ನಕ್ಕ ನಗುವಿಗೆ ಕಾಫಿ ಚೆಲ್ಲಿತು. ಅವಳ ಮನೆಯಲ್ಲಿರುವುದೂ ಸ್ಟ್ಯಾಫಿಯೇ, ಅಂದರೆ ಸ್ಟ್ಯಾಫರ್ಡ್‌ಶೈರ್ ಬುಲ್ ಟೆರಿಯರ್. ಹೆಸರು ಪುಟ್ಟ. ಅದು ಆಗಲೇ ಶ್ರೀಧರನ ಪಾದದ ಮೇಲೆ ಕುಂಡೆ ಊರಿ ಕೂತು, ಅವನ ಕೈಲಿದ್ದ ಕೋಡುಬಳೆಯನ್ನೇ ದಿಟ್ಟಿಸುತ್ತಿತ್ತು. ಅವನನ್ನು ಅದು ನೋಡಿದ್ದು ಅವತ್ತೇ ಮೊದಲು.

"ಕಳ್ಳ ಬಂದರೆ ಇದು ಬಾಲ ಆಡಿಸಿಕೊಂಡು ಒಳಗೆ ಕರೆಯುತ್ತೆ. ಮನುಷ್ಯರು ಅಂದರೆ ಪ್ರಾಣ ಇದಕ್ಕೆ. ಈ ದೇಶದಲ್ಲಿ ಸ್ಟ್ಯಾಫಿಗಳನ್ನೇ ಕದೀತಾರೆ ಕಣೋ. ಅದು ನಿನ್ನ ಮನೆ ಕಾಯಲ್ಲ, ನೀನು ಅದನ್ನು ಕಾಯಬೇಕು."

ಪ್ರಕಾಶ ಕಾಲು ಮೇಲೆತ್ತಿಕೊಂಡು ಕುರ್ಚಿಯಲ್ಲೇ ಚಕ್ಕಳಮಕ್ಕಳ ಹಾಕಿದ್ದ. "ಕಾಳಗದ ತಳಿ ಅಲ್ವೇನೇ ಇದು?"

ಹೌದು, ಅದೂ ಸುಳ್ಳಲ್ಲ. ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಬಿಡುವ ಆಟ ಇಂಗ್ಲೆಂಡಿನಲ್ಲಿ 1835ರ ಕಾಯಿದೆಯಿಂದ ನಿಂತಿತು. ಆದರೆ ಚಟ ಬಿಡಬೇಕಲ್ಲ? ನಾಯಿಗೂ ನಾಯಿಗೂ ಕದ್ದುಮುಚ್ಚಿ ಕಾಳಗ ಜೋರಾಯಿತು. ಬುಲ್‌ಡಾಗಿನ ಬಲಕ್ಕೆ ಟೆರಿಯರ್‌ನ ಚುರುಕು ಸೇರಿಸಿ, ಬರ್ಮಿಂಗ್‌ಹ್ಯಾಮ್ ಪಕ್ಕದ ಇದೇ ಬ್ಲ್ಯಾಕ್ ಕಂಟ್ರಿ ಸೀಮೆಯ ಗಣಿ ಕೆಲಸದವರೂ ಸರಪಳಿ ಮಾಡುವವರೂ ಈ ತಳಿಯನ್ನು ಬೆಳೆಸಿದರು. ಕಾಳಗದ ಮಧ್ಯೆ ಕೈ ಹಾಕಿ ನಾಯಿಗಳನ್ನು ಬಿಡಿಸಬೇಕಿತ್ತು, ಆಗ ಒಡೆಯನನ್ನೇ ಕಚ್ಚುವ ನಾಯಿಯನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ ಅನ್ನುತ್ತಾರೆ. ಪುಟ್ಟನನ್ನು ನೋಡಿದರೆ ನನಗೂ ಅದು ನಿಜ ಅನ್ನಿಸುತ್ತದೆ. ಮನುಷ್ಯರ ಮುಂದೆ ಬೆಣ್ಣೆ. ಪಾರ್ಕಿನಲ್ಲಿ ಬೇರೆ ನಾಯಿ ಗುರ್ ಅಂದರೆ ಮಾತ್ರ ಅಜ್ಜ ಮೈಮೇಲೆ ಬರುತ್ತಾನೆ. ಅದಕ್ಕೇ ಲತಾ ಹಗ್ಗ ಬಿಡುವುದಿಲ್ಲ. ನಾಯಿ ತಳಿಗಳಿಗೆ ಮಾನ್ಯತೆ ಕೊಡುವ ಇಲ್ಲಿನ ಕೆನಲ್ ಕ್ಲಬ್ ಈ ತಳಿಯನ್ನು ಒಪ್ಪಿದ್ದು 1935ರಲ್ಲಿ. ತಳಿಯ ಸಂಘ ಹುಟ್ಟಿದ್ದು ಇಲ್ಲೇ ಹತ್ತಿರ, ಕ್ರೇಡ್ಲಿ ಹೀತ್‌ನ ಒಂದು ಪಬ್‌ನಲ್ಲಿ. ಘನಕಾರ್ಯಗಳೆಲ್ಲ ಹುಟ್ಟುವುದು ಇಂಥ ಕಡೆಯೇ ಬಿಡಿ.

"ಪಿಟ್‌ಬುಲ್ ನಿಷೇಧ ಇದೆಯಲ್ಲ?" ಪ್ರಕಾಶ ಪಟ್ಟು ಬಿಡಲಿಲ್ಲ.

"ಇದೆ, 1991ರಿಂದ. ಇದು ಪಿಟ್‌ಬುಲ್ ಅಲ್ಲ. ನಮ್ಮಲ್ಲೂ 2024ರಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನ ನಿಷೇಧಿಸಿ ಅಂತ ಸುತ್ತೋಲೆ ಹೊರಡಿಸಿತ್ತು. ಅದನ್ನ ರದ್ದು ಮಾಡಿದ್ದು ಯಾರು ಹೇಳು? ನಮ್ಮ ಕರ್ನಾಟಕ ಹೈಕೋರ್ಟ್!" ಲತಾ ತಾನೇ ವಾದ ಮಾಡಿ ಗೆದ್ದವಳ ಗತ್ತಿನಲ್ಲಿ ಹೇಳಿದಳು.

ಅಷ್ಟರಲ್ಲಿ ಲತಾಳ ಅತ್ತೆ ಅಡುಗೆಮನೆಯಿಂದ ಕೇಸರಿಬಾತಿನ ತಟ್ಟೆ ಹಿಡಿದು ಬಂದರು. ಪುಟ್ಟ ಶ್ರೀಧರನನ್ನು ಕ್ಷಣದಲ್ಲಿ ಮರೆತು ಅವರ ಸೀರೆಯ ನೆರಿಗೆ ಹಿಡಿದು ಹೊರಟಿತು. ಅವರು ಒಂದು ತುತ್ತು ಹಿಡಿದು ಬಗ್ಗಿದ್ದೇ ತಡ, ಲತಾ ಹಾರಿ ಅಡ್ಡ ನಿಂತಳು.

"ಅತ್ತೇ, ದ್ರಾಕ್ಷಿ! ಅದರ ಕಿಡ್ನಿ ಹೋಗುತ್ತೆ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಯಾವುದೂ ಕೊಡಬೇಡಿ ಅಂತ ಎಷ್ಟು ಸಲ ಹೇಳಿದೀನಿ?"

"ನಮ್ಮೂರ ಕರಿಯ ಹುಳಿಯನ್ನ ತಿಂದೇ ಮುದಿಯಾಗಲಿಲ್ವಾ? ನನಗೆ ಮೊಸರನ್ನ ಹಾಕೋಕೂ ಬಿಡಲ್ಲ ಇವಳು," ಎಂದು ಅತ್ತೆ ನಮ್ಮನ್ನು ಸಾಕ್ಷಿಗೆ ಕರೆದರು. ನಾವೆಲ್ಲ ಕೇಸರಿಬಾತಿನಲ್ಲಿ ಮುಳುಗಿದ್ದೆವು.

ಪುಟ್ಟನ ಬೆನ್ನು ಸವರುತ್ತಾ ಶ್ರೀಧರ ಖರ್ಚು ವೆಚ್ಚ ವಿಚಾರಿಸಿದ. ಕೂದಲು ಗಿಡ್ಡ, ವಾರಕ್ಕೊಮ್ಮೆ ರಬ್ಬರ್ ಬ್ರಷ್ ಎಳೆದರೆ ಆಯಿತು. ಆದರೆ ಚರ್ಮ ನಾಜೂಕು. ಅಲರ್ಜಿ ಬಂದರೆ ಕೆರೆದುಕೊಂಡು ಗಾಯ ಮಾಡಿಕೊಳ್ಳುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಓಡಾಡಿಸಬೇಕು. ಬಿಸಿಲು ಜಾಸ್ತಿಯಾದರೆ ಏದುಸಿರು, ಚಳಿಗೆ ಸ್ವೆಟರ್, ಮಳೆ ಬಂದರೆ ಬಾಗಿಲಲ್ಲೇ ಸತ್ಯಾಗ್ರಹ. ಗಂಡು ಸುಮಾರು 13ರಿಂದ 17 ಕೆಜಿ, ಆ ಅಷ್ಟೂ ಕೆಜಿಯನ್ನು ನಮ್ಮ ತೊಡೆಯ ಮೇಲೇ ಇಡಬೇಕೆಂಬ ಹಟ. ರಾತ್ರಿ ಗೊರಕೆ. ಮೆತ್ತನೆ ಆಟಿಕೆ ಕೊಟ್ಟರೆ ಕ್ಷಣದಲ್ಲಿ ಹತ್ತಿ ಬಿಡಿಸುತ್ತದೆ, ಗಟ್ಟಿ ರಬ್ಬರಿನದೇ ಬೇಕು. ಒಂಟಿಯಾಗಿ ಬಿಟ್ಟರಂತೂ ಸೋಫಾ ಉಳಿಯುವುದಿಲ್ಲ.

"ನಿನ್ನ ಮಗನ ಜೊತೆ ಚೆನ್ನಾಗಿ ಆಡುತ್ತೆ. ಆದರೆ ಇಬ್ಬರನ್ನೇ ಬಿಟ್ಟು ನೀನು ಫೋನ್ ಹಿಡ್ಕೊಂಡು ಮಹಡಿಗೆ ಹೋಗಬೇಡ," ಎಂದಳು ಲತಾ. "ಯಾವ ನಾಯಿ ಜೊತೆಗೂ ಚಿಕ್ಕ ಮಕ್ಕಳನ್ನ ಹಾಗೆ ಬಿಡಬಾರದು. ಮರಿ ಕೊಂಡುಕೊಳ್ಳೋದಾದರೆ ಅಪ್ಪ ಅಮ್ಮನ ಡಿಎನ್‌ಎ ಪರೀಕ್ಷೆ ಕೇಳು. ಈ ತಳಿಗೆ ವಂಶಪಾರಂಪರ್ಯವಾಗಿ ಬರೋ ಕಣ್ಣಿನ ಪೊರೆ ಒಂದು, ಎಲ್-2-ಎಚ್‌ಜಿಎ ಅಂತ ಫಿಟ್ಸ್ ಬರಿಸೋ ಕಾಯಿಲೆ ಇನ್ನೊಂದು. ಅದೆಲ್ಲ ಯಾಕೆ, ಆಶ್ರಯ ಕೇಂದ್ರಗಳಲ್ಲಿ ಸ್ಟ್ಯಾಫಿಗಳು ಬೇಕಾದಷ್ಟಿವೆ, ಅಲ್ಲಿಂದ ತಗೋ."

"ಹೋಗಿ ಎತ್ಕೊಂಡು ಬರೋದಲ್ವಾ?"

"ಅಷ್ಟು ಸುಲಭ ಅಲ್ಲಪ್ಪ. ಮನೆಗೆ ಬಂದು ಬೇಲಿ ನೋಡ್ತಾರೆ. ನೀನು ದಿನಾ ಎಷ್ಟು ಹೊತ್ತು ಹೊರಗಿರ್ತೀಯ, ಮನೇಲಿ ಯಾರ್ಯಾರಿದ್ದಾರೆ, ಅವರಿಗೆಲ್ಲ ಒಪ್ಪಿಗೆಯಾ ಅಂತ ಕೇಳ್ತಾರೆ."

ಶ್ರೀಧರ ಕೊನೆಯ ಕೋಡುಬಳೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಯೋಚಿಸಿದ.

"ಮಗಳನ್ನ ಕೊಡುವಾಗ ನಮ್ಮ ಮಾವ ಕೂಡ ಇಷ್ಟು ಕೇಳಿರಲಿಲ್ಲ."

"ಕೇಳಬೇಕಿತ್ತು," ಎಂದರು ಅತ್ತೆ.