ನಾಲ್ಕು ಬಡಾವಣೆಗೆ ಒಂದೇ ಚರ್ಚಾ ಜಾಲ: ಸ್ಪ್ಯಾಮ್, ಬೈಗುಳ ತಡೆಯೋದು ಹೇಗೆ?

ಪ್ರಶ್ನೆ (ನಿವಾಸಿಗಳ ಸಂಘದ ಕಾರ್ಯದರ್ಶಿ, ಬನಶಂಕರಿ ಕಡೆ): ನಮಸ್ಕಾರ ಮೇಡಂ. ನಮ್ಮ ಅಕ್ಕಪಕ್ಕದ ನಾಲ್ಕು ಬಡಾವಣೆಯ ಸಂಘಗಳು ಸೇರಿ ಕಾವೇರಿ ನೀರು, ಕಸ, ಕೆರೆ, ರಸ್ತೆ ಗುಂಡಿ ಬಗ್ಗೆ ಮಾತಾಡಲು ನಮ್ಮದೇ ಒಂದು ಜಾಲ ಮಾಡಬೇಕು ಅಂತಿದ್ದೇವೆ. ಈಗಿರುವ ವಾಟ್ಸಾಪ್ ಗುಂಪು 1,024 ಜನಕ್ಕೆ ತುಂಬಿಹೋಗಿದೆ. ಅದರಲ್ಲಿ ಅರ್ಧ ಜನ ಯಾರು ಅಂತಲೇ ಗೊತ್ತಿಲ್ಲ. ಒಬ್ಬರು ದೇವರ ಫೋಟೊ ಹಾಕಿಕೊಂಡು ಬಂದು ದಿನಾ ಬೆಳಿಗ್ಗೆ ಶುಭೋದಯ ಹೇಳುತ್ತಿದ್ದರು. ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ‘ಮನೆಯಲ್ಲೇ ಕೂತು ದಿನಕ್ಕೆ 3,000 ದುಡಿಯಿರಿ’ ಅಂತ ಲಿಂಕ್ ಹಾಕಿದರು. ನಮ್ಮ ಹಿರಿಯರೊಬ್ಬರು ಅದನ್ನು ಒತ್ತಿ ದುಡ್ಡು ಕಳೆದುಕೊಂಡರು. ಕೆರೆ ವಿಷಯ ಬಂದರಂತೂ ಏಕವಚನದಲ್ಲೇ ಜಗಳ. ಹೊಸ ಜಾಲದಲ್ಲಿ ಓಟಿಪಿ ಕಡ್ಡಾಯ ಮಾಡಿದರೆ ಸಾಕಾ?

ಉತ್ತರ (ಸರ್ವರ್ ನಿರ್ವಹಣೆಯ ಎಂಜಿನಿಯರ್): ಸಾಕಾಗಲ್ಲ ಸರ್. ಓಟಿಪಿಯಿಂದ ಗೊತ್ತಾಗುವುದು ಅಲ್ಲೊಂದು ಸಿಮ್ ಇದೆ ಅಂತ, ಅಷ್ಟೇ. ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನಾ, ಒಬ್ಬನೇ ಇಪ್ಪತ್ತು ಸಿಮ್ ಇಟ್ಟುಕೊಂಡಿದ್ದಾನಾ ಅಂತ ಗೊತ್ತಾಗಲ್ಲ. 2002ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕ ಜಾನ್ ಡೌಸರ್ ಇದನ್ನೇ ಬರೆದು ತೋರಿಸಿದರು. ಯಾರು ಯಾರೆಂದು ಖಾತ್ರಿ ಮಾಡುವ ಕೇಂದ್ರ ವ್ಯವಸ್ಥೆ ಇಲ್ಲದ ಜಾಲದಲ್ಲಿ ಒಬ್ಬನೇ ನೂರು ಜನರ ವೇಷ ಹಾಕುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಹಾಗಂತ ಎಲ್ಲರ ಆಧಾರ್ ಕೇಳಲು ಹೋಗಬೇಡಿ. ಅದನ್ನು ಕಾಪಾಡುವ ತಲೆನೋವು ನಿಮಗೆ ಬೇಡ.

ಮೊದಲು ಒಂದು ವಿಷಯ. ಸ್ಪ್ಯಾಮ್ ಬೇರೆ, ಬೈಗುಳ ಬೇರೆ. ಸ್ಪ್ಯಾಮ್ ಅಂದರೆ ಕೇಳದೆಯೇ ಸುರಿಯುವ ಜಾಹೀರಾತು, ಮೋಸದ ಲಿಂಕ್. ಅದು ಹೊರಗಿನವರ ಕೆಲಸ, ಅದನ್ನು ಬಾಗಿಲಲ್ಲೇ ತಡೆಯಬಹುದು. ಬೈಯುವವರು ನಮ್ಮವರೇ. ಅವರಿಗೆ ಬಾಗಿಲು ಯಾವತ್ತೋ ತೆರೆದಾಗಿದೆ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಎರಡೂ ಹೋಗಲ್ಲ.

ಬಾಗಿಲ ವಿಷಯಕ್ಕೆ ನನ್ನ ಸಲಹೆ ಇದು: ಸದಸ್ಯರೊಬ್ಬರು ಕರೆದರೆ ಮಾತ್ರ ಒಳಗೆ. ಯಾರು ಯಾರನ್ನು ಕರೆದರು ಅನ್ನುವುದು ಪ್ರತಿಯೊಬ್ಬರ ಹೆಸರಿನ ಕೆಳಗೆ ಎಲ್ಲರಿಗೂ ಕಾಣುತ್ತಿರಲಿ. ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ ಹಾಗೆ. ಲಾಬ್‌ಸ್ಟರ್ಸ್ ಎಂಬ ತಂತ್ರಜ್ಞರ ತಾಣ 2012ರಿಂದ ಹೀಗೇ ನಡೆಯುತ್ತಿದೆ. ಇದರಲ್ಲಿ ಶುಭೋದಯದ ಮಹಾಶಯ ಸಿಕ್ಕಿಬಿದ್ದರೆ ಅವರೊಬ್ಬರನ್ನೇ ತೆಗೆದು ಸುಮ್ಮನಾಗಬೇಕಿಲ್ಲ. ಅವರನ್ನು ಕರೆದವರು ಯಾರು, ಅವರು ಇನ್ನೂ ಯಾರ್‍ಯಾರನ್ನು ಕರೆದಿದ್ದಾರೆ ಅಂತ ಹಿಂದಕ್ಕೆ ಹೋಗಿ ನೋಡಬಹುದು. ಒಂದೇ ಕೊಂಬೆಯಲ್ಲಿ, ಅಂದರೆ ಒಬ್ಬರಿಂದ ಶುರುವಾದ ಕರೆಗಳ ಸಾಲಿನಲ್ಲಿ, ನಾಲ್ಕೈದು ಇಂಥವೇ ಖಾತೆ ಸಿಕ್ಕರೆ ಆ ಕೊಂಬೆಯನ್ನೇ ತೆಗೆಯಿರಿ. ಗೊತ್ತಿಲ್ಲದೆ ಕರೆದವರಿಗೆ ಶಿಕ್ಷೆ ಬೇಡ, ಸ್ವಲ್ಪ ದಿನ ಹೊಸಬರನ್ನು ಕರೆಯುವ ಹಕ್ಕು ನಿಲ್ಲಿಸಿದರೆ ಸಾಕು. ಹೊಸಬರು ಮೊದಲ ಕೆಲವು ವಾರ ಬರೆಯಬಹುದು, ಲಿಂಕ್ ಹಾಕುವಂತಿಲ್ಲ. ಚರ್ಚಾ ಜಾಲ ಕಟ್ಟಲು ಇರುವ ಡಿಸ್ಕೋರ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಇಂಥ ‘ನಂಬಿಕೆ ಮಟ್ಟ’ಗಳ ಏರ್ಪಾಡು ಮೊದಲೇ ಇದೆ. ನೀವಾಗಿ ಕೋಡ್ ಬರೆಯಬೇಕಿಲ್ಲ.

ಪ್ರಶ್ನೆ (ಬಾಡಿಗೆ ಮನೆಯಲ್ಲಿರುವ ಸದಸ್ಯರು): ಕರೆದರೆ ಮಾತ್ರ ಅಂದರೆ ಸ್ವಂತ ಮನೆ ಇರುವವರ ಕ್ಲಬ್ ಆಗಿಬಿಡಲ್ವಾ ಮೇಡಂ? ನಾವು ಊರಿಂದ ಬಂದವರು. ಪಿಜಿ ಹುಡುಗರು, ಮನೆಕೆಲಸಕ್ಕೆ ಬರುವವರು ಯಾರನ್ನು ಕೇಳಬೇಕು?

ಉತ್ತರ: ಆಗುತ್ತೆ, ಖಂಡಿತ ಆಗುತ್ತೆ. ಅದಕ್ಕೇ ಇನ್ನೊಂದು ಬಾಗಿಲು ಬೇಕು. ಭಾನುವಾರ ಸಂಘದ ಕಚೇರಿಯಲ್ಲೋ ಪಾರ್ಕಿನಲ್ಲೋ ಒಂದು ಮೇಜು ಹಾಕಿ ಕೂರಿ. ಎದುರಿಗೆ ಬಂದು ಮಾತಾಡಿದವರಿಗೆ ಸಂಘವೇ ಆಹ್ವಾನ ಕೊಡಲಿ, ಜಾಮೀನೂ ಸಂಘದ್ದೇ. ಮನೆ ಪತ್ರ, ಬಾಡಿಗೆ ಕರಾರು ಏನೂ ಕೇಳಬೇಡಿ. ದೂರದಲ್ಲಿ ಕೂತು ಸಾವಿರ ಖಾತೆ ನಡೆಸುವವನು ಪಾರ್ಕಿಗೆ ಬಂದು ಸಾಲಿನಲ್ಲಿ ನಿಲ್ಲಲ್ಲ. ನಿಧಾನ ಆಗುತ್ತೆ ನಿಜ. ಊರಿನ ಜಾಲ ನಿಧಾನವಾಗಿ ಬೆಳೆದರೆ ನಷ್ಟವೇನೂ ಇಲ್ಲ ಅನ್ನೋದು ನನ್ನ ಲೆಕ್ಕ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ): ಬೈಗುಳದ ಪಟ್ಟಿ ಮಾಡಿ, ಅವು ಬಂದ ಪೋಸ್ಟ್‌ಗಳು ತಾನಾಗೇ ಅಳಿಸಿಹೋಗೋ ಹಾಗೆ ಮಾಡಿದರೆ ಸುಲಭ ಅಲ್ವಾ ಅಕ್ಕಾ?

ಉತ್ತರ: ಕೆರೆ ಬಗ್ಗೆ ಮಾತಾಡುವ ಜಾಲದಲ್ಲಿ ಮೊದಲ ದಿನವೇ ಪೆಟ್ಟು ತಿನ್ನುತ್ತೀಯ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಹೆಸರು ಬರೆದವರೆಲ್ಲ ಹೊರಗೆ! ಇನ್ನೊಂದು ಕಡೆ, ಬೈಯುವವನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಥರ ಬರೆಯುತ್ತಾನೆ, ನಡುವೆ ಒಂದು ಚುಕ್ಕಿ ಇಡುತ್ತಾನೆ. ಯಂತ್ರ ನೋಡುತ್ತಾ ಕೂರುತ್ತೆ. ಅದೂ ಅಲ್ಲದೆ ‘ನಿನ್ನ ಮಗಳು ಯಾವ ಬಸ್ಸಿಗೆ ಹೋಗ್ತಾಳೆ ಗೊತ್ತು’ ಅನ್ನುವುದರಲ್ಲಿ ಒಂದೂ ಕೆಟ್ಟ ಪದ ಇಲ್ಲ. ಪಟ್ಟಿ ಇಟ್ಟುಕೊಳ್ಳಿ, ಆದರೆ ಅಳಿಸಲು ಬೇಡ. ‘ಇದನ್ನು ಯಾರಾದರೂ ನೋಡಿ’ ಅಂತ ಎತ್ತಿ ತೋರಿಸಲು ಮಾತ್ರ ಬಳಸಿ.

ಪ್ರಶ್ನೆ (ಸದಸ್ಯೆ, ಹೆಸರು ಬೇಡ ಎಂದಿದ್ದಾರೆ): ಗುಂಪಿನಲ್ಲಿ ಮರ್ಯಾದಸ್ಥರ ಹಾಗೆ ಇರುವವರೇ ರಾತ್ರಿ ಖಾಸಗಿಯಾಗಿ ಮೆಸೇಜ್ ಮಾಡುತ್ತಾರೆ. ಅಡ್ಮಿನ್‌ಗೆ ಹೇಳಿದರೆ ‘ಅವರು ಒಳ್ಳೆಯವರು, ಬಿಡಿ’ ಅಂತಾರೆ. ಇದಕ್ಕೇನು ಮಾಡೋದು?

ಉತ್ತರ: ಹೊಸ ಜಾಲದಲ್ಲಿ ಫೋನ್ ನಂಬರ್ ಯಾರಿಗೂ ಕಾಣಬಾರದು. ಖಾಸಗಿ ಸಂದೇಶ ಎಲ್ಲರಿಗೂ ಮುಚ್ಚಿಯೇ ಇರಲಿ, ಬೇಕಾದವರು ತೆರೆದುಕೊಳ್ಳಲಿ.

ಅಡ್ಮಿನ್ ಸಮಸ್ಯೆ ಇದಕ್ಕಿಂತ ದೊಡ್ಡದು ಮೇಡಂ. ದೂರು ಹೋಗುವುದು ಅದೇ ರಸ್ತೆಯವರ ಹತ್ತಿರ. ಅವರಿಬ್ಬರೂ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುವವರು! ನಾಲ್ಕು ಬಡಾವಣೆ ಇರುವುದರ ಲಾಭ ಇಲ್ಲೇ ಇದೆ. ಒಂದು ಬಡಾವಣೆಯ ದೂರನ್ನು ಬೇರೆ ಬಡಾವಣೆಯ ಇಬ್ಬರು ನೋಡಲಿ, ಅವರಲ್ಲಿ ಒಬ್ಬರಾದರೂ ಹೆಂಗಸಿರಲಿ. ಸರದಿ ಬದಲಾಗುತ್ತಿರಲಿ. ದಿನಾ ಇಂಥದ್ದನ್ನೇ ಓದಿದರೆ ಯಾರಿಗಾದರೂ ತಲೆ ಕೆಡುತ್ತೆ.

ಮಾಮೂಲಿ ಜಗಳಕ್ಕೆ ಮೊದಲು ಎಚ್ಚರಿಕೆ, ಆಮೇಲೆ ಎರಡು ದಿನ ಬರೆಯುವಂತಿಲ್ಲ, ಆಮೇಲೆ ಒಂದು ತಿಂಗಳು, ಕೊನೆಗೆ ಹೊರಗೆ. ನೀರಿನ ಕಾಲುವೆ, ಮೀನುಗಾರಿಕೆ ಇಂಥವನ್ನು ಜನ ತಾವೇ ಸೇರಿ ಹೇಗೆ ಉಳಿಸಿಕೊಂಡರು ಅಂತ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಹಳ ಕಾಲ ಬಾಳಿದ ಏರ್ಪಾಡುಗಳಲ್ಲಿ ಅವರು ಕಂಡದ್ದು ಇದನ್ನೇ: ಮೊದಲ ತಪ್ಪಿಗೆ ಸಣ್ಣ ದಂಡ, ತಪ್ಪು ಮುಂದುವರಿದರೆ ದಂಡವೂ ಏರುತ್ತದೆ. ಆದರೆ ಬೆದರಿಕೆಗೆ, ನೀವು ಹೇಳಿದಂಥ ಕಿರುಕುಳಕ್ಕೆ ಈ ಮೆಟ್ಟಿಲು ಬೇಡ. ಅಂಥವರು ನೇರ ಹೊರಗೆ. ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಪೊಲೀಸರಿಗೆ ಬೇಕಾಗಬಹುದು. ದೂರನ್ನು ಸೈಬರ್ ಸಹಾಯವಾಣಿ 1930ಕ್ಕೆ ಅಲ್ಲ, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಅಥವಾ ಠಾಣೆಯಲ್ಲಿ ಕೊಡಿ. 1930 ಇರುವುದು ದುಡ್ಡಿನ ಮೋಸಕ್ಕೆ. ಕಾರ್ಯದರ್ಶಿಗಳೇ, ನಿಮ್ಮ ಹಿರಿಯರು ಕೂಡಲೇ ಕರೆ ಮಾಡಬೇಕಾದದ್ದು ಅಲ್ಲಿಗೆ.

ಪ್ರಶ್ನೆ (ಕಾರ್ಯದರ್ಶಿ): ನಾಲ್ಕರಲ್ಲಿ ಒಂದು ಬಡಾವಣೆಯವರೇ ತಮ್ಮ ಪಾಲಿಗೆ ಬಂದ ದೂರುಗಳನ್ನು ನೋಡದೆ ಬಿಟ್ಟರೆ?

ಉತ್ತರ: ಯೂಸ್‌ನೆಟ್‌ಗೆ ಇದೇ ಆಯಿತು. 1979ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ಯೋಚಿಸಿ ಕಟ್ಟಿದ ಜಾಲ ಅದು. ಯಜಮಾನ ಅಂತ ಯಾರೂ ಇಲ್ಲ, ಒಬ್ಬರ ಸಂದೇಶವನ್ನು ಇನ್ನೊಬ್ಬರು ದಾಟಿಸುತ್ತಿದ್ದರು. 1994ರಲ್ಲಿ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಒಟ್ಟಿಗೇ ಸುರಿದರು. ಆಮೇಲೆ ಅದೇ ಚಾಳಿಯಾಯಿತು. 1997ರ ಆಗಸ್ಟ್‌ನಲ್ಲಿ ಯುಯುನೆಟ್ ಎಂಬ ದೊಡ್ಡ ಇಂಟರ್ನೆಟ್ ಕಂಪನಿ ತನ್ನ ಕಡೆಯ ಸ್ಪ್ಯಾಮ್ ತಡೆಯುತ್ತಿಲ್ಲ ಅಂತ, ಅಲ್ಲಿಂದ ಬಂದ ಸಂದೇಶಗಳನ್ನೇ ಉಳಿದವರು ಅಳಿಸತೊಡಗಿದರು. ಕೆಲವೇ ದಿನದಲ್ಲಿ ಕಂಪನಿ ದಾರಿಗೆ ಬಂತು. 2024ರ ಫೆಬ್ರುವರಿಯಲ್ಲಿ, ಬೇರೆ ಬೇರೆಯವರ ಸರ್ವರ್‌ಗಳು ಸೇರಿ ನಡೆಯುವ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲಕ್ಕೆ ಸ್ಪ್ಯಾಮ್ ನುಗ್ಗಿದ್ದೂ ಯಾರೂ ನೋಡಿಕೊಳ್ಳದೆ ಬಾಗಿಲು ತೆರೆದಿಟ್ಟಿದ್ದ ಸಣ್ಣ ಸರ್ವರ್‌ಗಳಿಂದ.

ಹಾಗಾಗಿ ಸಂಬಂಧ ಕಡಿಯುವ ನಿಯಮ ಈಗಲೇ ಬರೆದಿಡಿ, ಎಲ್ಲರೂ ಚೆನ್ನಾಗಿರುವಾಗ. ಎಷ್ಟು ದಿನ ದೂರು ನೋಡದಿದ್ದರೆ ನೋಟಿಸ್, ಉಳಿದ ಮೂರರಲ್ಲಿ ಎಷ್ಟು ಸಂಘ ಒಪ್ಪಿದರೆ ಸಂಪರ್ಕ ನಿಲ್ಲುತ್ತೆ, ಮತ್ತೆ ಸೇರಲು ಏನು ಮಾಡಬೇಕು ಅನ್ನುವುದು ಕಾಗದದ ಮೇಲಿರಲಿ. ಒಬ್ಬ ಸದಸ್ಯರಿಗೆ ಒಂದೇ ಮತ, ಜಾಸ್ತಿ ಚಂದಾ ಕೊಟ್ಟವರಿಗೂ ಅಷ್ಟೇ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿನವರು ನಾವು, ಇದೇನು ಹೊಸದಲ್ಲ.

ಮರೆಯುವ ಮೊದಲು ಹೇಳಿಬಿಡುತ್ತೇನೆ. ಡೊಮೇನ್ ಹೆಸರು, ಸರ್ವರ್ ಪಾಸ್‌ವರ್ಡ್ ಯಾವುದೂ ಒಬ್ಬರ ಸ್ವಂತ ಇಮೇಲ್‌ನಲ್ಲಿ ಬೇಡ, ನಿಮ್ಮದರಲ್ಲೂ ಬೇಡ ಸರ್. ಸಂಘದ ಹೆಸರಲ್ಲಿ ಒಂದು ಇಮೇಲ್ ಮಾಡಿ, ಅದರ ಕೀಲಿ ಬೇರೆ ಬೇರೆ ಬಡಾವಣೆಯ ಇಬ್ಬರ ಹತ್ತಿರ ಇರಲಿ.