ಮೈಟರ್ ಸಾ: ಫ್ರೇಮಿನ ನಾಲ್ಕನೇ ಮೂಲೆ ಕೂಡುತ್ತಿಲ್ಲ, ಜೊತೆಗೆ ಸುಟ್ಟ ಗುರುತು, ಮೋಟಾರಿನಲ್ಲಿ ಕಿಡಿ

ಹೊಸಗರಗಸ:

ಎಲ್ಲರಿಗೂ ನಮಸ್ಕಾರ. 10 ಇಂಚಿನ ಸ್ಲೈಡಿಂಗ್ ಮೈಟರ್ ಸಾ (ಮರವನ್ನ ಬೇಕಾದ ಕೋನಕ್ಕೆ ಕತ್ತರಿಸೋ ಗರಗಸ) ಬಳಸ್ತಿದ್ದೀನಿ. 60 ಮಿಮೀ ಅಗಲದ ಚಪ್ಪಟೆ ಪಟ್ಟಿಗಳಲ್ಲಿ ಫೋಟೋ ಫ್ರೇಮ್ ಮಾಡೋ ಕೆಲಸ. 45 ಡಿಗ್ರಿಗೆ ಇಟ್ಟು ಕತ್ತರಿಸಿದ್ರೆ ಮೂರು ಮೂಲೆ ಚೆನ್ನಾಗಿ ಕೂರುತ್ತೆ, ನಾಲ್ಕನೇ ಮೂಲೇಲಿ ಮಾತ್ರ 2 ಮಿಮೀ ಸಂದು ಬಿಡುತ್ತೆ. ಪಟ್ಟಿ ಬದಲಾಯಿಸಿದ್ರೂ ಅಷ್ಟೇ. ಕೋನ ತೋರಿಸೋ ಪಾಯಿಂಟರ್ ಸ್ವಲ್ಪ ಸರಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ.

ಇನ್ನೆರಡು ತೊಂದರೆ ಇವೆ. ಕತ್ತರಿಸಿದ ಮುಖದ ಮೇಲೆ ಕಂದು ಬಣ್ಣದ ಸುಟ್ಟ ಗುರುತು ಬರುತ್ತೆ. ಮತ್ತೆ ಈಚೆಗೆ ಸ್ವಿಚ್ ಒತ್ತಿದ್ರೆ ಕೆಲವು ಸಲ ಮೋಟಾರ್ ತಿರುಗೋದೇ ಇಲ್ಲ, ಬಿಟ್ಟು ಒತ್ತಿದ್ರೆ ತಿರುಗುತ್ತೆ. ಗಾಳಿ ಕಿಂಡಿಯಲ್ಲಿ ಕಿಡಿ ಕಾಣುತ್ತೆ. ಮೂರೂ ಒಂದೇ ಕಾರಣದಿಂದಾನಾ?

ಉಳಿಚಾಣ:

ಪಾಯಿಂಟರಿಗೆ ಈಗ ಕೈ ಹಚ್ಚಬೇಡಿ ಸರ್. ಅದು ತೋರಿಸೋ ಮುಳ್ಳು ಅಷ್ಟೇ. ಅದನ್ನ ಎಲ್ಲಿಗೆ ಸರಿಸಿದ್ರೂ ಬ್ಲೇಡ್ ಇದ್ದ ಜಾಗದಲ್ಲೇ ಇರುತ್ತೆ. ಎಲ್ಲ ಮುಗಿದ ಮೇಲೆ ಅದನ್ನ ಸೊನ್ನೆಗೆ ತಂದರಾಯ್ತು.

ನಿಮ್ಮ 2 ಮಿಮೀ ಸಂದಿನಿಂದಲೇ ತಪ್ಪು ಎಷ್ಟಿದೆ ಅಂತ ಲೆಕ್ಕ ಹಾಕಬಹುದು. 60 ಮಿಮೀ ಪಟ್ಟೀನ 45ರಲ್ಲಿ ಕತ್ತರಿಸಿದ್ರೆ ಕತ್ತರಿಸಿದ ಮುಖದ ಉದ್ದ ಸುಮಾರು 85 ಮಿಮೀ. ಆ ಉದ್ದಕ್ಕೆ 2 ಮಿಮೀ ಸಂದು ಅಂದ್ರೆ ಸುಮಾರು 1.35 ಡಿಗ್ರಿ. ಒಂದು ಫ್ರೇಮಿಗೆ ಎಂಟು ಕಟ್, ಎಂಟರ ತಪ್ಪೂ ಕೊನೇ ಮೂಲೇಲಿ ಬಂದು ಸೇರುತ್ತೆ. ಹಾಗಾಗಿ ಒಂದೊಂದು ಕಟ್ಟಿನಲ್ಲಿ ತಪ್ಪಿರೋದು 0.17 ಡಿಗ್ರಿ ಮಾತ್ರ. ಒಂದೊಂದು ಡಿಗ್ರಿಗೆ ಗೆರೆ ಇರೋ ಸ್ಕೇಲಿನಲ್ಲಿ ಇದು ಕಣ್ಣಿಗೆ ಕಾಣಲ್ಲ. ಆದ್ದರಿಂದ ಸ್ಕೇಲ್ ನೋಡಿ ಸರಿಮಾಡೋ ಪ್ರಯತ್ನ ಬಿಡಿ, ಮರ ಕತ್ತರಿಸಿ ಮರದಲ್ಲೇ ಅಳೆಯಬೇಕು.

ಮೊದಲು ಮೂರು ವಿಷಯ ಹೇಳಿ. ಸಂದು ಫ್ರೇಮಿನ ಒಳಗಡೆ ಇದೆಯಾ, ಹೊರಗಡೆ ಇದೆಯಾ? ಎಂಟೂ ಕಟ್ ಒಂದೇ ಬದಿಗೆ ತಿರುಗಿಸಿ ಹಾಕ್ತೀರಾ, ಎಡ ಬಲ ಎರಡೂ ಬಳಸ್ತೀರಾ? ಎದುರುಬದುರು ಪಟ್ಟಿಗಳ ಉದ್ದ ಸರಿಸಮ ಇದೆಯಾ? ಉದ್ದದಲ್ಲಿ ವ್ಯತ್ಯಾಸ ಇದ್ರೆ ಕೋನ ಎಷ್ಟೇ ಸರಿಯಿದ್ರೂ ಫ್ರೇಮ್ ಕೂಡಲ್ಲ.

ಹೊಸಗರಗಸ:

ಹೊರತುದಿಗಳು ಮುಟ್ಟುತ್ತವೆ, ಸಂದು ಒಳಗಡೆ. ಎಲ್ಲ ಕಟ್ಟೂ ಎಡಕ್ಕೆ 45ರಲ್ಲೇ. ಪಟ್ಟಿ ಚಪ್ಪಟೆ ಆಗಿರೋದ್ರಿಂದ ಮಗುಚಿ ಇನ್ನೊಂದು ತುದಿ ಕತ್ತರಿಸ್ತೀನಿ. ಉದ್ದ ಒಂದೇ ಬರಲಿ ಅಂತ ಪಟ್ಟಿಯ ತುದಿ ತಾಗಿಸೋ ಸ್ಟಾಪ್ ಬ್ಲಾಕ್ ಇಟ್ಟಿದ್ದೆ, ಎದುರುಬದುರು ಪಟ್ಟಿ ಜೋಡಿಸಿ ನೋಡಿದ್ರೆ ಸಮ ಇವೆ.

ಉಳಿಚಾಣ:

ಹಾಗಾದ್ರೆ ಉದ್ದದ ಮಾತು ಬಿಡೋಣ. ಹೊರತುದಿ ಮುಟ್ಟಿ ಒಳಗೆ ಸಂದು ಬಂದ್ರೆ ಗರಗಸ 45ಕ್ಕಿಂತ ಹೆಚ್ಚು ತಿರುಗಿದೆ ಅಂತ. ಒಳಮೂಲೆ ಮುಟ್ಟಿ ಹೊರಗೆ ಸಂದು ಬಂದ್ರೆ ಕಡಿಮೆ ತಿರುಗಿದೆ.

ಎಡ ಬಲ ಯಾಕೆ ಕೇಳಿದೆ ಅಂದ್ರೆ, ಫೆನ್ಸ್, ಅಂದ್ರೆ ಪಟ್ಟಿ ಒರಗಿಸೋ ಹಿಂದಿನ ಗೋಡೆ, ಒಂದಿಷ್ಟು ವಾರೆಯಾಗಿದ್ರೆ ಎಡದ 45 ಎಷ್ಟು ಹೆಚ್ಚಾಗುತ್ತೋ ಬಲದ 45 ಅಷ್ಟೇ ಕಡಿಮೆ ಆಗುತ್ತೆ. ಪ್ರತಿ ಮೂಲೆಗೆ ಒಂದು ಎಡದ ಕಟ್, ಒಂದು ಬಲದ ಕಟ್ ಸೇರಿಸಿದ್ರೆ ಹೆಚ್ಚು ಕಡಿಮೆ ಹೊಡೆದುಹೋಗಿ ಮೂಲೆ 90ಕ್ಕೇ ಬರುತ್ತೆ. ಕತ್ತರಿಸಿದ ಮುಖಗಳ ಉದ್ದ ಕೂದಲೆಳೆಯಷ್ಟು ಬೇರೆ ಆಗಬಹುದು, ಸಂದು ಮಾತ್ರ ಇರಲ್ಲ. ನೀವು ಎಲ್ಲವನ್ನೂ ಒಂದೇ ಬದಿಗೆ ಹಾಕಿದ್ರಿಂದ ತಪ್ಪು ಕಳೆಯದೆ ಕೂಡ್ತಾ ಹೋಗಿದೆ. ಹಾಗಂತ ಎಡ ಬಲ ಬಳಸಿ ತಪ್ಪು ಮುಚ್ಚಿಕೊಳ್ಳಿ ಅಂತ ನಾನು ಹೇಳಲ್ಲ. 90ರ ಕಟ್ಟಿನಲ್ಲಿ ಅದೇ ತಪ್ಪು ಮತ್ತೆ ಕಾಡುತ್ತೆ.

ನನಗೆ ಅನುಮಾನ ಫೆನ್ಸ್ ಮೇಲೆ. ಆದ್ರೆ ಅದನ್ನ ಸಡಿಲಿಸೋ ಮುಂಚೆ ಬ್ಲೇಡ್ ಪರೀಕ್ಷೆ ಆಗಲೇಬೇಕು. ಬ್ಲೇಡೇ ಒಲೆದಾಡ್ತಿದ್ರೆ ಅದಕ್ಕೆ ಮೂಲೆಮಟ್ಟ (90 ಡಿಗ್ರಿ ನೋಡೋ L ಆಕಾರದ ಸಾಧನ) ಹಿಡಿದು ಏನು ಹೊಂದಿಸಿದ್ರೂ ವ್ಯರ್ಥ.

ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಇದರಲ್ಲಿ ರಾಜಿ ಬೇಡ. ಬ್ಲೇಡ್ ಬಿಚ್ಚುವಾಗ ಆರ್ಬರ್ (ಬ್ಲೇಡ್ ಕೂರೋ ದಂಡ) ಲಾಕ್ ಒತ್ತಿಕೊಂಡು ಬೋಲ್ಟ್ ತಿರುಗಿಸಬೇಕು. ಬಹಳಷ್ಟು ಮೈಟರ್ ಸಾಗಳಲ್ಲಿ ಈ ಬೋಲ್ಟಿಗೆ ಎಡಮರೆ ಇರುತ್ತೆ, ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ತಿರುಗಿಸಿದ್ರೆ ಸಡಿಲ ಆಗೋದು. ಬರ್ತಿಲ್ಲ ಅಂತ ಉಲ್ಟಾ ದಿಕ್ಕಿಗೆ ಪೈಪ್ ಹಾಕಿ ಎಳೆದು ಬೋಲ್ಟ್ ಹಾಳು ಮಾಡಿಕೊಳ್ಳೋರು ಇದ್ದಾರೆ. ಮ್ಯಾನುಯಲ್ ಒಮ್ಮೆ ನೋಡಿ. ಬಿಚ್ಚಿದ ಮೇಲೆ ಬ್ಲೇಡನ್ನ ಎರಡು ಬದಿಯಿಂದ ಹಿಡಿಯೋ ಎರಡೂ ಫ್ಲಾಂಜ್ ಬಿಲ್ಲೆ ಒರೆಸಿ, ಬ್ಲೇಡಿನ ಮಧ್ಯದ ಭಾಗವನ್ನೂ ಒರೆಸಿ. ಫ್ಲಾಂಜ್ ಮೇಲೆ ಅಂಟಿದ ಒಂದು ಚೂರು ಮರದ ಅಂಟು ಬ್ಲೇಡಿನ ಅಂಚಿಗೆ ಬರೋಷ್ಟರಲ್ಲಿ ದೊಡ್ಡ ಓಲಾಟ ಆಗುತ್ತೆ.

ಬ್ಲೇಡ್ ಬಿಚ್ಚಿರೋವಾಗಲೇ ತೊಳೆದುಬಿಡಿ. ಸುಟ್ಟ ಗುರುತಿಗೆ ಸಾಮಾನ್ಯ ಕಾರಣ ಹಲ್ಲಿನ ಬದಿಗೆ ಮೆತ್ತಿದ ಅಂಟು. ಹಲ್ಲು ಮೊಂಡಾಗಿದೆ ಅಂದುಕೊಂಡು ಬ್ಲೇಡ್ ಎಸೆಯೋ ಮುಂಚೆ ತೊಳೆದು ನೋಡಬೇಕು. ಬಿಸಿನೀರು, ಪಾತ್ರೆ ತೊಳೆಯೋ ಸೋಪು, ಸ್ವಲ್ಪ ಅಡುಗೆ ಸೋಡಾ. ಸ್ವಲ್ಪ ಹೊತ್ತು ನೆನೆಸಿ ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ, ತಕ್ಷಣ ಒರೆಸಿ ಪೂರ್ತಿ ಒಣಗಿಸಿ. ತೀಕ್ಷ್ಣ ರಾಸಾಯನಿಕ ಕ್ಲೀನರ್ ಬೇಡ. ತೊಳೆದ ಮೇಲೆ ಭೂತಗನ್ನಡಿಯಲ್ಲಿ ಒಂದೊಂದೇ ಕಾರ್ಬೈಡ್ ತುದಿ ನೋಡಿ. ಮೊನಚು ಗುಂಡಗಾಗಿ ಬೆಳಕಿಗೆ ಬಿಳಿ ಗೆರೆಯ ಹಾಗೆ ಹೊಳೆದ್ರೆ ಸಾಣೆ ಬೇಕು, ತುದಿ ಮುರಿದಿದ್ರೆ ಅಥವಾ ಬ್ಲೇಡಿನ ಮೈಯಲ್ಲಿ ಬಿರುಕು ಕಂಡ್ರೆ ಅದನ್ನ ಮತ್ತೆ ಹಾಕಲೇಬೇಡಿ. ವಾಪಸ್ ಹಾಕುವಾಗ ಬ್ಲೇಡ್ ಮೇಲಿನ ಬಾಣ ಗಾರ್ಡ್ ಮೇಲಿನ ಬಾಣದ ದಿಕ್ಕಿಗೇ ಇರಬೇಕು, ಕೆಳಗಿನ ಹಲ್ಲುಗಳ ಮುಖ ಫೆನ್ಸ್ ಕಡೆಗೆ.

ಈಗ ಗರಗಸದ ತಲೆಯನ್ನ (ಬ್ಲೇಡ್, ಮೋಟಾರ್ ಇರೋ ಭಾಗ) ಕೆಳಗೆ ಇಳಿಸಿ ಲಾಕ್ ಮಾಡಿ. ಮೂಲೆಮಟ್ಟದ ಒಂದು ತೋಳು ಫೆನ್ಸಿಗೆ, ಇನ್ನೊಂದು ಬ್ಲೇಡಿನ ಮೈಗೆ. ಹಲ್ಲುಗಳು ಬ್ಲೇಡಿನ ಮೈಗಿಂತ ಎರಡೂ ಕಡೆ ಉಬ್ಬಿರುತ್ತವೆ, ಮೂಲೆಮಟ್ಟ ಅವಕ್ಕೆ ತಾಗಿದ್ರೆ ಅಳತೆ ಸುಳ್ಳು. ಎರಡು ಹಲ್ಲಿನ ನಡುವೆ ಹಿಡಿದು, ಬ್ಲೇಡನ್ನ ಕೈಯಲ್ಲಿ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ಸಂದಿನಲ್ಲಿ ಬರೋ ಬೆಳಕು ಬದಲಾಗ್ತಿದ್ರೆ ಬ್ಲೇಡ್ ಬಾಗಿದೆ, ಇಲ್ಲವೇ ಆರ್ಬರ್ ಓಲಾಡ್ತಿದೆ. ಬದಲಾಗದಿದ್ರೆ ಮುಂದಿನ ಹೆಜ್ಜೆ.

ಎರಡೂ ಅಂಚು ಸಮಾಂತರವಾಗಿರೋ 100 ಮಿಮೀ ಅಗಲದ ಹಲಗೆ ತಗೊಂಡು, ಪ್ಲಗ್ ಹಾಕಿ, ಸೊನ್ನೆ ಡಿಗ್ರಿಯಲ್ಲಿ ನಡುವೆ ಕತ್ತರಿಸಿ. ಒಂದು ತುಂಡನ್ನ ಇದ್ದ ಹಾಗೇ ಬಿಡಿ, ಇನ್ನೊಂದನ್ನ ಮಗುಚಿ ಹಾಕಿ. ಮೇಲಿನ ಮುಖ ಕೆಳಗೆ ಹೋಗಬೇಕು, ನಿಮ್ಮ ಕಡೆ ಇದ್ದ ಅಂಚು ಆಚೆ ಹೋಗಬೇಕು. ಸಮತಟ್ಟಾದ ಮೇಜಿನ ಮೇಲೆ ನೇರವಾದ ಅಲ್ಯೂಮಿನಿಯಂ ಪಟ್ಟಿಗೆ ಎರಡನ್ನೂ ಒತ್ತಿ, ಕತ್ತರಿಸಿದ ಮುಖಗಳನ್ನ ಕೂಡಿಸಿ. ಕಾಣೋ ಸಂದು ನಿಜವಾದ ತಪ್ಪಿನ ಎರಡರಷ್ಟು. ಮೇಲಿಂದ ನೋಡಿದಾಗ ಒಂದು ಅಂಚಿಗೆ ಸಂದು ಅಗಲವಾಗಿದ್ರೆ ಬ್ಲೇಡಿಗೂ ಫೆನ್ಸಿಗೂ 90 ಇಲ್ಲ. ಪಕ್ಕದಿಂದ ನೋಡಿದಾಗ ಮೇಲೋ ಕೆಳಗೋ ಸಂದು ಇದ್ರೆ ಬ್ಲೇಡ್ ಟೇಬಲಿಗೆ ನೆಟ್ಟಗೆ ನಿಂತಿಲ್ಲ, ಅದನ್ನ ಸರಿಮಾಡೋದು ಬೆವೆಲ್ (ಬ್ಲೇಡಿನ ವಾಲಿಕೆ) ಸ್ಟಾಪ್ ಬೋಲ್ಟಿನ ಕೆಲಸ. ನನ್ನ ಲೆಕ್ಕ ಸರಿಯಿದ್ರೆ ನಿಮಗೆ ಮೇಲಿಂದ 0.6 ಮಿಮೀ ಹತ್ತಿರ ಸಂದು ಕಾಣಬೇಕು.

ಮರದಪುಡಿ:

ಒಂದು ಮಾತು ಸೇರಿಸ್ತೀನಿ. 45ರಲ್ಲಿ ಕತ್ತರಿಸುವಾಗ ಬ್ಲೇಡ್ ಪಟ್ಟಿಯನ್ನ ಫೆನ್ಸ್ ಉದ್ದಕ್ಕೂ ಎಳೆಯುತ್ತೆ. ಕೈಯಲ್ಲಿ ಗಟ್ಟಿ ಹಿಡಿದಿದ್ದೀನಿ ಅನಿಸಿದ್ರೂ ಪಟ್ಟಿ ಅರ್ಧ ಮಿಲಿಮೀಟರ್ ಜಾರಿರುತ್ತೆ. ಕ್ಲ್ಯಾಂಪ್ ಹಾಕಿ ಕತ್ತರಿಸಿ ಸರ್. ನಾನು ಫೆನ್ಸಿಗೆ 120 ನಂಬರಿನ ಉಪ್ಪುಕಾಗದ ಅಂಟಿಸಿಕೊಂಡಿದ್ದೀನಿ, ಜಾರೋದು ನಿಂತಿದೆ.

ಉಳಿಚಾಣ:

ಒಳ್ಳೇ ಮಾತು. ಉಪ್ಪುಕಾಗದ ಅಂಟಿಸೋದಾದ್ರೆ ಫೆನ್ಸಿನ ಎರಡೂ ಭಾಗಕ್ಕೆ ಒಂದೇ ಹಾಳೆಯಿಂದ, ಗುಳ್ಳೆ ಬಾರದ ಹಾಗೆ ಅಂಟಿಸಿ. ಒಂದೇ ಬದಿಗೆ ಹಚ್ಚಿದ್ರೆ ಕಾಗದದ ದಪ್ಪವೇ ಹೊಸ ತಪ್ಪಾಗುತ್ತೆ. ನಾನು ಕ್ಲ್ಯಾಂಪನ್ನೇ ಹೆಚ್ಚು ನಂಬ್ತೀನಿ, ಕೈಯೂ ಬ್ಲೇಡಿನಿಂದ ಕನಿಷ್ಠ 15 ಸೆಂಮೀ ದೂರ ಇರುತ್ತೆ.

ಕಾಯಿಲ್‌ವೈಂಡರ್:

ಕಿಡಿ ವಿಷಯಕ್ಕೆ ನಾನು ಹೇಳ್ತೀನಿ. ಒಮ್ಮೆ ತಿರುಗುತ್ತೆ, ಒಮ್ಮೆ ತಿರುಗಲ್ಲ, ಜೊತೆಗೆ ಕಿಡಿ ಅಂದ್ರೆ ಮೊದಲು ಕಾರ್ಬನ್ ಬ್ರಷ್ (ಮೋಟಾರಿನ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಕಾರ್ಬನ್ ತುಂಡು) ನೋಡಬೇಕು. ಮೋಟಾರಿನ ಎರಡು ಬದಿಗೆ ಎದುರುಬದುರಾಗಿ ನಾಣ್ಯದಂಥ ಪ್ಲಾಸ್ಟಿಕ್ ಮುಚ್ಚಳ ಇರುತ್ತೆ. ಪ್ಲಗ್ ಕಿತ್ತು, ಅಗಲ ಬಾಯಿಯ ಸ್ಕ್ರೂಡ್ರೈವರಿನಲ್ಲಿ ನಿಧಾನ ಬಿಚ್ಚಿ. ಬೆರಳು ಅಡ್ಡ ಇಟ್ಟುಕೊಳ್ಳಿ, ಒಳಗಿನ ಸ್ಪ್ರಿಂಗ್ ಚಿಮ್ಮುತ್ತೆ. ಯಾವ ಬ್ರಷ್ ಯಾವ ಕಡೆಯದು, ಯಾವ ಮುಖ ಮೇಲಿತ್ತು ಅಂತ ಗುರುತು ಹಾಕಿಕೊಳ್ಳಿ. ಹಳೇ ಬ್ರಷ್ಷಿನ ತುದಿ ಕಮ್ಯುಟೇಟರಿನ (ಬ್ರಷ್ ಒರಗೋ, ತಿರುಗೋ ತಾಮ್ರದ ಉರುಳೆಯ) ಬಾಗಿಗೆ ಸವೆದು ಕೂತಿರುತ್ತೆ, ತಿರುಗಿಸಿ ಹಾಕಿದ್ರೆ ಆ ಬಾಗು ಹೊಂದದೆ ಕಿಡಿ ಹೆಚ್ಚಾಗುತ್ತೆ.

ಬ್ರಷ್ ಮೇಲೆ ಸವೆತದ ಗೆರೆ ಇದ್ರೆ ಅದನ್ನ ನೋಡಿ, ಇಲ್ಲದಿದ್ರೆ ಮ್ಯಾನುಯಲ್ಲಿನಲ್ಲಿ ಕನಿಷ್ಠ ಉದ್ದ ಕೊಟ್ಟಿರ್ತಾರೆ. ಒಂದು ಮಾತ್ರ ಸವೆದಿದ್ರೂ ಎರಡನ್ನೂ ಬದಲಾಯಿಸಿ. ಉದ್ದ ಸಾಕಷ್ಟಿದ್ದೂ ತೊಂದರೆ ಇದ್ರೆ ಬ್ರಷ್ ತನ್ನ ಗೂಡಿನಲ್ಲಿ ಪುಡಿಯಿಂದ ಸಿಕ್ಕಿಕೊಂಡಿರುತ್ತೆ. ಗೂಡು ಸ್ವಚ್ಛ ಮಾಡಿ, ಬ್ರಷ್ ಒಳಗೆ ಹೊರಗೆ ಸಲೀಸಾಗಿ ಜಾರಬೇಕು. ಆಮೇಲೂ ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆಯಂತೆ ಕಿಡಿ ಓಡ್ತಿದ್ರೆ ಆರ್ಮೇಚರ್ (ಮೋಟಾರಿನ ತಿರುಗೋ ಸುರುಳಿ) ಕಡೆ ತೊಂದರೆ, ಓಡಿಸೋದು ನಿಲ್ಲಿಸಿ ರಿಪೇರಿಗೆ ಕೊಡಿ.

ಇನ್ನೊಂದು. ನಿಮ್ಮ ಗರಗಸಕ್ಕೆ ಎಲೆಕ್ಟ್ರಿಕ್ ಬ್ರೇಕ್ ಇದ್ರೆ, ಸ್ವಿಚ್ ಬಿಟ್ಟ ಮೇಲೆ ಬ್ಲೇಡ್ ನಿಲ್ಲೋಕೆ ಮೊದಲಿಗಿಂತ ಹೊತ್ತು ಹಿಡೀತಿದೆಯಾ ಗಮನಿಸಿ. ಬ್ರಷ್ ಸವೆದಾಗ ಬ್ರೇಕೂ ಸೋಲುತ್ತೆ.

ಹೊಸಗರಗಸ:

ಎಲ್ಲರಿಗೂ ಧನ್ಯವಾದ. ಎಲ್ಲಾ ಮಾಡಿ ನೋಡಿದೆ. ಬ್ರಷ್ ಎರಡೂ ಗೆರೆ ದಾಟಿ ಸವೆದಿದ್ವು, ಹೊಸದು ಹಾಕಿದೆ. ಬ್ರೇಕ್ ನಿಜವಾಗ್ಲೂ ಸೋತಿತ್ತು, ಈಗ ಚುರುಕಾಗಿದೆ. ಬ್ಲೇಡ್ ತೊಳೆದ ನೀರು ಕಾಫಿ ಬಣ್ಣಕ್ಕೆ ತಿರುಗಿತು. ಅರ್ಧ ಸುತ್ತು ತಿರುಗಿಸಿದ್ರೂ ಮೂಲೆಮಟ್ಟದ ಹತ್ತಿರ ಬೆಳಕು ಬದಲಾಗಲಿಲ್ಲ. ಮಗುಚೋ ಪರೀಕ್ಷೆಯಲ್ಲಿ ಪಕ್ಕದಿಂದ ಸಂದಿಲ್ಲ, ಮೇಲಿಂದ, ಸಂದು ಅಳೆಯೋ ಫೀಲರ್ ಗೇಜಿನ 0.6 ಮಿಮೀ ಎಲೆ ಸರಿಯಾಗಿ ಕೂತಿತು! ಹಾಗಾದ್ರೆ ಫೆನ್ಸೇ ಅಂತಾಯ್ತು. ಸಡಿಲಿಸೋದು ಹೇಗೆ? ಮತ್ತೆ ಅದು ಜರುಗಿದ್ದು ಯಾಕೆ?

ಉಳಿಚಾಣ:

ಸಾಮಾನ್ಯವಾಗಿ ಗರಗಸವನ್ನ ಫೆನ್ಸ್ ಹಿಡಿದು ಎತ್ತೋದ್ರಿಂದ. ಹಿಡಿಯೋಕೆ ಅನುಕೂಲವಾಗಿ ಕಾಣುತ್ತೆ, ಆದ್ರೆ ಅಷ್ಟೂ ತೂಕ ಆ ನಾಲ್ಕು ಬೋಲ್ಟಿನ ಮೇಲೆ ಬೀಳುತ್ತೆ. ಎತ್ತುವಾಗ ತಲೆ ಕೆಳಗೆ ಲಾಕ್ ಮಾಡಿ, ಸ್ಲೈಡ್ ಬಿಗಿ ಮಾಡಿ, ಸಾಗಿಸೋ ಹಿಡಿ ಅಥವಾ ಬುಡದ ಹಿಡಿಗಳನ್ನೇ ಬಳಸಿ.

ಈಗ ಪ್ಲಗ್ ಕಿತ್ತು, ಸೊನ್ನೆಯ ಡಿಟೆಂಟಿನ (ಟೇಬಲ್ ತಿರುಗಿ ಬಂದು ನಿಲ್ಲೋ ಕಚ್ಚಿನ) ಕಿಂಡಿಯಲ್ಲಿ ಕೂತ ಪುಡಿಯನ್ನ ಬ್ರಷ್ಷಿನಲ್ಲಿ ತೆಗೆದು, ಟೇಬಲನ್ನ ಟಕ್ ಅಂತ ಸೊನ್ನೆಗೆ ಕೂರಿಸಿ ಹಿಡಿ ಬಿಗಿ ಮಾಡಿ. ಕಿಂಡಿಯಲ್ಲಿ ಪುಡಿ ಗಟ್ಟಿಯಾಗಿದ್ರೆ ಡಿಟೆಂಟ್ ಪೂರ್ತಿ ಕೂರಲ್ಲ. ಫೆನ್ಸಿನ ನಾಲ್ಕೂ ಬೋಲ್ಟನ್ನ ಅಲೆನ್ ಕೀಯಿಂದ ಅರ್ಧ ಸುತ್ತಿಗಿಂತ ಹೆಚ್ಚು ಸಡಿಲಿಸಬೇಡಿ, ಫೆನ್ಸ್ ಕೈಯಲ್ಲಿ ತಟ್ಟಿದ್ರೆ ಮಾತ್ರ ಜರುಗೋ ಹಾಗಿರಲಿ. ತಲೆ ಇಳಿಸಿ ಲಾಕ್ ಮಾಡಿ, ಮೂಲೆಮಟ್ಟವನ್ನ ಬ್ಲೇಡಿನ ಮೈಗೆ ಒತ್ತಿ ಹಿಡಿದು ಫೆನ್ಸನ್ನ ಅದಕ್ಕೆ ತನ್ನಿ. ಬಿಗಿ ಮಾಡುವಾಗ ಒಂದನ್ನೇ ಪೂರ್ತಿ ಬಿಗಿದುಬಿಟ್ರೆ ಅದು ಫೆನ್ಸನ್ನ ಎಳೆದುಕೊಳ್ಳುತ್ತೆ. ಎಡಕ್ಕೊಂದು ಬಲಕ್ಕೊಂದು ಸ್ವಲ್ಪ ಸ್ವಲ್ಪವೇ ಬಿಗಿದು, ಪೂರ್ತಿ ಬಿಗಿದ ಮೇಲೆ ಮತ್ತೆ ಮೂಲೆಮಟ್ಟ ಹಿಡಿಯಿರಿ. ಫೆನ್ಸಿನ ಎರಡೂ ಭಾಗಕ್ಕೆ ಅಡ್ಡಲಾಗಿ ಅಲ್ಯೂಮಿನಿಯಂ ಪಟ್ಟಿ ಇಟ್ಟು ಒಂದೇ ಗೆರೆಯಲ್ಲಿವೆಯಾ ಅಂತಾನೂ ನೋಡಿ.

ಮೂಲೆಮಟ್ಟ ಹತ್ತಿರಕ್ಕೆ ತರುತ್ತೆ, ತೀರ್ಪು ಹೇಳೋದು ಮಗುಚೋ ಪರೀಕ್ಷೆ. ಅದರಲ್ಲಿ ಸಂದು ಹೋಗೋವರೆಗೆ ಬಿಡಬೇಡಿ. ಸೊನ್ನೆ ಸರಿಯಾದ ಮೇಲೂ 45 ತಪ್ಪಿದ್ರೆ ಡಿಟೆಂಟ್ ಸವೆದಿದೆ ಅಥವಾ ಅದರ ತಟ್ಟೆ ಜರುಗಿದೆ. ನಿಮ್ಮ ಅಂಕಿಗಳನ್ನ ನೋಡಿದ್ರೆ ಹಾಗಿರಲಾರದು, 45ರ ತಪ್ಪೂ ಸೊನ್ನೆಯ ತಪ್ಪೂ ಒಂದೇ ಅಳತೆಯವು.

ಹೊಸಗರಗಸ:

ಫ್ರೇಮ್ ಕೂಡಿತು ಸರ್! ನಾಲ್ಕನೇ ಮೂಲೇಲಿ ಕಾಗದ ಕೂಡ ಹೋಗ್ತಿಲ್ಲ. ಬಹಳ ಉಪಕಾರ ಆಯ್ತು. ಸುಟ್ಟ ಗುರುತು ಮಾತ್ರ ಗಟ್ಟಿ ಮರದಲ್ಲಿ ತುಸು ಉಳಿದಿದೆ. ಹೊಸ ಬ್ರಷ್ಷಿನಲ್ಲೂ ಚಿಕ್ಕ ಕಿಡಿ ಇದೆ, ಚಿಂತೆ ಮಾಡಬೇಕಾ? ಸ್ಲೈಡ್ ರಾಡ್‌ಗಳಿಗೆ ಗ್ರೀಸ್ ಹಚ್ಚಬಹುದಾ?

ಕಾಯಿಲ್‌ವೈಂಡರ್:

ಹೊಸ ಬ್ರಷ್ಷಿನ ತುದಿ ಕಮ್ಯುಟೇಟರಿಗೆ ಹೊಂದಿಕೊಳ್ಳೋವರೆಗೆ ಸಣ್ಣ ನೀಲಿ ಕಿಡಿ ಸಹಜ. ಮರ ಕತ್ತರಿಸದೆ ಕೆಲವು ನಿಮಿಷ ಖಾಲಿ ಓಡಿಸಿ, ಕಡಿಮೆ ಆಗ್ತಾ ಬರುತ್ತೆ.

ಉಳಿಚಾಣ:

ಗ್ರೀಸ್ ಬೇಡ, ಮರದ ಪುಡಿ ಅದಕ್ಕೆ ಮೆತ್ತಿ ಬೇರಿಂಗಿಗೆ ಹೋಗುತ್ತೆ. ಬಟ್ಟೆಗೆ ಒಂದೆರಡು ಹನಿ ಮೆಷಿನ್ ಎಣ್ಣೆ ಹಾಕಿ ರಾಡ್ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿಬಿಡಿ. ಕೆಳಗಿನ ಗಾರ್ಡ್ ತಾನಾಗಿ ಮುಚ್ಚಿಕೊಳ್ತಿದೆಯಾ ಅಂತಾನೂ ಆಗಲೇ ನೋಡಿ. ನಿಧಾನ ಆಗಿದ್ರೆ ಅದರ ಕೀಲಿನ ಪುಡಿ ತೆಗೆಯಿರಿ, ಕಟ್ಟಿಹಾಕೋ ಯೋಚನೆ ಮಾತ್ರ ಬೇಡ.

ಉಳಿದ ಗುರುತಿಗೆ ಕೈ ನಿಧಾನ ಇರೋದು ಕಾರಣ ಆಗಿರಬಹುದು. ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮರಕ್ಕೆ ಇಳಿಸಿ, ನಡುವೆ ನಿಲ್ಲಿಸದೆ ಒಂದೇ ಹದದಲ್ಲಿ ಇಳಿಸಿ. ಕತ್ತರಿಸಿ ಮುಗಿದ ಮೇಲೆ ಬ್ಲೇಡ್ ಕೆಳಗಿರುವಾಗಲೇ ಸ್ವಿಚ್ ಬಿಟ್ಟು, ಪೂರ್ತಿ ನಿಂತ ಮೇಲೆ ಎತ್ತಿ. ತಿರುಗ್ತಾ ಇರುವಾಗ ಎತ್ತಿದ್ರೆ ಹಲ್ಲು ಮುಖವನ್ನ ಮತ್ತೆ ಸವರುತ್ತೆ, ಕಡಿದ ಚೂರೂ ಹಾರುತ್ತೆ. ಇಷ್ಟಾದ್ರೂ ಹೋಗದಿದ್ರೆ ಬ್ಲೇಡನ್ನ ಸಾಣೆಗೆ ಕೊಡಿ. ಹಾಂ, ಪಾಯಿಂಟರನ್ನ ಈಗ ಸೊನ್ನೆಗೆ ತಂದು ಸ್ಕ್ರೂ ಬಿಗಿ ಮಾಡಿ.