ಡೆವಲಪರ್‌ಗೆ ಕೊಡುವುದು ‘ಪರಿಹಾರ’ ಹೇಗಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ. ನಾನು ಕೊಪ್ಪಳದಲ್ಲಿ ಪತ್ರ ಬರೆದುಕೊಡುವ ಕೆಲಸ ಮಾಡುತ್ತೇನೆ. ಖರೀದಿ ಪತ್ರ, ವಾಟ್ನಿ ಪತ್ರ (ಮನೆಯವರು ಆಸ್ತಿ ಹಂಚಿಕೊಳ್ಳುವ ಪತ್ರ), ಬಾಡಿಗೆ ಕರಾರು, ಇಂಥವು. ಈಗೀಗ ಲೇಔಟ್ ಒಪ್ಪಂದಗಳು ಜಾಸ್ತಿ ಬರುತ್ತಿವೆ. ಮೂಲ ಇಂಗ್ಲಿಷಿನಲ್ಲಿ ಇರುತ್ತದೆ. ಹೊಲದ ಮಾಲಕರು ಓದಿ ನೋಡಲಿ ಅಂತ ಕನ್ನಡದ ಪ್ರತಿ ನಾನು ಮಾಡಿಕೊಡುತ್ತೇನೆ.

ಹೋದ ವಾರ ನಮ್ಮ ಕಾಕಾ ಅವರದೇ ಬಂತು. ಗಿಣಿಗೇರಾ ರಸ್ತೆಯ ಕಡೆ ನಾಲ್ಕು ಎಕರೆ. ಸೈಟುಗಳೆಲ್ಲ ಕಾಕಾ ಹೆಸರಲ್ಲೇ ಉಳಿಯುತ್ತವೆ. ಡೆವಲಪರ್ ಎನ್‌ಎ ಮಾಡಿಸಿ (ಅಂದರೆ ಹೊಲವನ್ನು ಕೃಷಿಯೇತರ ಜಮೀನು ಮಾಡಿಸಿ), ರೋಡು, ಗಟಾರು, ಕರೆಂಟು ಹಾಕಿಸಿ, ಮಾರಿಕೊಡಬೇಕು. ಅದಕ್ಕೆ ಮಾರಾಟದ ಮೇಲೆ ನೂರಕ್ಕೆ 12. ಆ ಕಲಮಿನ ತಲೆಬರಹ ‘ಡೆವಲಪರ್ಸ್ ಕಾಂಪೆನ್ಸೇಷನ್’. ನಾನು ಜಾಸ್ತಿ ಯೋಚನೆ ಮಾಡದೆ ‘ಡೆವಲಪರ್ ಪರಿಹಾರ’ ಅಂತ ಟೈಪ್ ಮಾಡಿ ಕೊಟ್ಟೆ. ಕಾಕಾ ಕನ್ನಡಕ ಹಾಕಿಕೊಂಡು ಓದುತ್ತಾ ಮೂರನೇ ಪುಟಕ್ಕೆ ಬಂದರು. ಅಲ್ಲೇ ಬೆರಳಿಟ್ಟು ಕೂತರು.

“ಅಲ್ಲೋ ತಮ್ಮಾ, ಹೊಲ ನಂದು. ಪರಿಹಾರ ಅವನಿಗ್ಯಾಕ? ಅವಂದೇನು ಮುಳುಗೈತಿ?”

ನಗಿಸಲಿಕ್ಕೆ ಕೇಳಿದ ಮಾತಲ್ಲ. ತುಂಗಭದ್ರಾ ಡ್ಯಾಮು ಮುಗಿದದ್ದು 1953ರಲ್ಲಿ. ಕಾಕಾ ಅವರ ತಾಯಿಯ ಮನೆಯವರ ಹೊಲ ಹಿನ್ನೀರಿಗೆ ಹೋಗಿತ್ತು. ನಮ್ಮ ಕಡೆ ಪರಿಹಾರ ಅಂದರೆ ಮೊದಲು ಮುಳುಗಡೆಯೇ ನೆನಪಾಗುವುದು. ಕಾರ್ಖಾನೆಗೆ ಹೊಲ ಹೋದರೆ ಪರಿಹಾರ. ರೈಲು ಹಳಿಗೆ ಹೋದರೂ ಪರಿಹಾರ. ಮಳೆ ಕೈಕೊಟ್ಟರೆ ಬೆಳೆ ಪರಿಹಾರ. 2013ರ ಭೂಸ್ವಾಧೀನ ಕಾಯ್ದೆಯ ಹೆಸರಿನಲ್ಲೇ ‘ನ್ಯಾಯಯುತ ಪರಿಹಾರ’ ಇದೆ. ಎಲ್ಲ ಕಡೆಯೂ ಕಳೆದುಕೊಂಡವನ ಕೈಗೆ ಬರುವ ದುಡ್ಡು ಅದು. ಡೆವಲಪರ್ ಇಲ್ಲಿ ಏನು ಕಳೆದುಕೊಂಡ? ಕೆಲಸ ಮಾಡುತ್ತಾನೆ, ದುಡ್ಡು ಇಸಿದುಕೊಳ್ಳುತ್ತಾನೆ. ಅಷ್ಟೇ ಅಲ್ವಾ?

ಇಂಗ್ಲಿಷಿನಲ್ಲಿ ಒಂದೇ ಪದ ಸಂಬಳಕ್ಕೂ ನಡೆಯುತ್ತದೆ, ನಷ್ಟ ತುಂಬಿಕೊಡುವುದಕ್ಕೂ ನಡೆಯುತ್ತದೆ. ಕನ್ನಡದ ಪರಿಹಾರಕ್ಕೆ ಎರಡನೆಯ ಅರ್ಥ ಮಾತ್ರ. ತೊಡಕು ಏನೆಂದರೆ ಅದೇ ಒಪ್ಪಂದದಲ್ಲಿ ಮುಂದೆ ಇನ್ನೊಂದು ಕಾಂಪೆನ್ಸೇಷನ್ ಬರುತ್ತದೆ: ಕೆಲಸ ತಡವಾದರೆ ಡೆವಲಪರ್ ಕಾಕಾಗೆ ಕೊಡಬೇಕಾದದ್ದು. 1872ರ ಕರಾರು ಕಾಯ್ದೆಯ 73ನೇ ಕಲಮಿನಲ್ಲಿ, ಮಾತು ಮುರಿದವನು ತುಂಬಿಕೊಡುವುದಕ್ಕೂ ಇದೇ ಪದ. ಅದು ನಿಜವಾದ ಪರಿಹಾರ. ಎರಡೂ ಕಡೆ ಒಂದೇ ಪದ ಹಾಕಿದರೆ ಯಾರು ಯಾರಿಗೆ, ಯಾತಕ್ಕೆ ಕೊಡುತ್ತಿದ್ದಾರೆ ಅಂತ ನನಗೇ ತಿಳಿಯಲಿಲ್ಲ.

ಬೇರೆ ಪದ ಹುಡುಕಿದೆ. ಸಂಭಾವನೆ ಅಂದರೆ ಶಾಲು, ಹಾರದ ಜೊತೆ ಕೈಗಿಡುವ ಲಕೋಟೆ ಕಣ್ಣಿಗೆ ಬರುತ್ತದೆ. ಲೇಔಟಿಗೆ ಅದು ಹೊಂದುವುದಿಲ್ಲ. ಪ್ರತಿಫಲ ಕಾನೂನಿಗೆ ಸರಿ, ಆದರೆ ಖರೀದಿ ಪತ್ರದಲ್ಲಿ ಜಮೀನಿನ ಬೆಲೆಗೆ ಆ ಪದ ಬರೆದು ಬರೆದು ಅಲ್ಲಿಗೇ ಅಂಟಿಕೊಂಡಿದೆ. ಶುಲ್ಕ ಅನ್ನಬಹುದು. ಹಾಗಂದರೆ ಅದು ಸೇವೆ, 18% ಜಿಎಸ್‌ಟಿ ಆ 12ರ ಒಳಗೋ ಹೊರಗೋ ಅನ್ನುವ ಪ್ರಶ್ನೆಯೂ ಕಣ್ಣಿಗೆ ಬೀಳುತ್ತದೆ. ಒಳ್ಳೆಯದೇ. ಆದರೆ ಶುಲ್ಕ ಅಂದಕೂಡಲೇ ಜನ ಕಚೇರಿಯ ಕೌಂಟರಿನಲ್ಲಿ ಕಟ್ಟುವ ದುಡ್ಡು ಅಂದುಕೊಳ್ಳುತ್ತಾರೆ.

ಪಾಲು ಅನ್ನೋಣ ಅಂದುಕೊಂಡೆ. ಸೈಟುಗಳನ್ನೇ 60-40 ಹಂಚಿಕೊಳ್ಳುವ ಜಂಟಿ ಒಪ್ಪಂದವಾಗಿದ್ದರೆ ಅದೇ ಸರಿಯಾದ ಪದ. ಇಲ್ಲಿ ಹಂಚಿಕೆ ಇಲ್ಲ. ವಾಟ್ನಿ ಪತ್ರದಲ್ಲಿ ಪಾಲು ಅಂದರೆ ಹಕ್ಕು. ನಾಳೆ ಕಾಕಾ ಅವರ ಮಕ್ಕಳು ಈ ಕಾಗದ ತೆಗೆದು ನೋಡಿದರೆ ಡೆವಲಪರನೂ ಹೊಲದ ಪಾಲುದಾರ ಅಂದುಕೊಂಡಾರು.

ಆದರೆ ಪಾಲಿನ ಮಾತಿನಿಂದ ಒಂದು ಉಪಯೋಗ ಆಯಿತು. ಮೂಲದ ಮೊದಲ ಪುಟದಲ್ಲಿ ‘ಗ್ರಾಸ್’, ‘ನೆಟ್’ ಅಂತ ಎರಡು ಬೇರೆ ಬೇರೆ ವ್ಯಾಖ್ಯೆ ಇದ್ದವು. ನಾನು ಎರಡಕ್ಕೂ ‘ಮಾರಾಟದ ಹಣ’ ಅಂತಲೇ ಬರೆದಿದ್ದೆ. ತಪ್ಪು ನನ್ನದೇ. ಕಾಕಾಗೆ ಬಿಡಿಸಿ ಹೇಳಲು ಹೋದರೆ ಅವರೇ ನನಗೆ ಹೇಳಿಕೊಟ್ಟರು. ಹೊಲ ಪಾಲಿಗೆ ಹಚ್ಚಿದಾಗ ಬೀಜ, ಗೊಬ್ಬರದ ಖರ್ಚು ಮೊದಲು ತೆಗೆದು ಪಾಲು ಮಾಡುವುದು ಒಂದು, ಇದ್ದ ರಾಶಿಯನ್ನೇ ಪಾಲು ಮಾಡುವುದು ಇನ್ನೊಂದು. “ಅವನು ಯಾವ ರಾಶಿಗೆ ಕೈ ಹಾಕ್ತಾನ, ಅದನ್ನ ಬರಿ ಮೊದಲ” ಅಂದರು.

ಲೆಕ್ಕ ಹಾಕಿದೆವು. 30×40 ಅಡಿಯ ಒಂದು ಸೈಟು 10 ಲಕ್ಷಕ್ಕೆ ಹೋಯಿತು ಅನ್ನಿ. ಪೂರ್ತಿ ರಾಶಿಯ ಮೇಲೆ ನೂರಕ್ಕೆ 12 ಅಂದರೆ 1,20,000. ದಲಾಲಿ, ಜಾಹೀರಾತು ಅಂತ 60,000 ಮೊದಲು ತೆಗೆದರೆ 1,12,800. ಸೈಟಿಗೆ 7,200 ಫರಕು. 70 ಸೈಟಿಗೆ 5,04,000. ಒಂದು ಪದ ಉಳಿಸಿದ್ದಕ್ಕೆ ಐದು ಲಕ್ಷ! ಅದಕ್ಕೇ ಈಗ ‘ಒಟ್ಟು ಮಾರಾಟದ ಹಣ’, ‘ಖರ್ಚು ತೆಗೆದ ಮಾರಾಟದ ಹಣ’ ಅಂತ ಬೇರೆ ಮಾಡಿದ್ದೇನೆ. ಎನ್‌ಎ ಫೀ, ಸರ್ವೆ ಫೀ ಡೆವಲಪರ್ ಮೊದಲು ಕಟ್ಟಿ ಆಮೇಲೆ ವಾಪಸ್ ಪಡೆಯುವುದು ಈ 12ರಲ್ಲಿ ಸೇರುವುದಿಲ್ಲ. ಅದಕ್ಕೆ ‘ಕೈಯಿಂದ ಹಾಕಿದ ಖರ್ಚು’ ಅಂತ ಬರೆದೆ. ಯಾರೂ ತಕರಾರು ಮಾಡಲಿಲ್ಲ.

ಹುಡುಕುವಾಗ ಇನ್ನೊಂದು ಸಿಕ್ಕಿತು. ಉರ್ದುವಿನಲ್ಲಿ ‘ಮುಆವಜಾ’ ಅಂದರೆ ನಷ್ಟಕ್ಕೆ ಕೊಡುವ ಪರಿಹಾರವೂ ಹೌದು, ಕೆಲಸಕ್ಕೆ ಕೊಡುವ ದುಡ್ಡೂ ಹೌದು. ಥೇಟ್ ಇಂಗ್ಲಿಷಿನ ಹಾಗೆ. ನಿಜಾಮರ ಆಡಳಿತದಲ್ಲಿದ್ದ ನಮ್ಮ ಕೊಪ್ಪಳ, ರಾಯಚೂರಿನ ಹಿರಿಯರಿಗೆ ಈ ತೊಡಕೇ ಇರಲಿಲ್ಲವೇನೋ. ಅದೇ ಅರಬಿ ಬೇರಿನಿಂದ ಮರಾಠಿಯ ಹಾದಿ ಹಿಡಿದು ನಮಗೆ ಬಂದದ್ದು ‘ಐವಜು’. ಮೂಲದಲ್ಲಿ ಒಂದಕ್ಕೆ ಬದಲಾಗಿ ಕೊಡುವುದು ಅಂತ ಅರ್ಥ. ಈಗ ಹಣ, ಒಡವೆ ಅನ್ನುವ ಅರ್ಥ ಉಳಿದಿದೆ. ‘ಡೆವಲಪರ್ ಐವಜು’ ಅಂದರೆ ನಗುತ್ತೀರಾ?

ಸದ್ಯಕ್ಕೆ ನಾನು ‘ಡೆವಲಪರ್‌ಗೆ ಸಲ್ಲುವ ಹಣ’ ಅಂತ ಇಟ್ಟಿದ್ದೇನೆ. ಕಾಕಾಗೆ ಒಪ್ಪಿಗೆ. ವಕೀಲರು ಮಾತ್ರ ಇದು ಪಾರಿಭಾಷಿಕ ಪದವಲ್ಲ ಅನ್ನುತ್ತಾರೆ. ಕೆಳಗೆ ವ್ಯಾಖ್ಯೆ ಇದ್ದಮೇಲೆ ಮೇಲಿನ ಹೆಸರು ತಿಳಿಯುವ ಹಾಗಿದ್ದರೆ ಸಾಕು ಅಂತ ನನ್ನ ವಾದ.

ರಾಯಚೂರಿನವರು ಇದಕ್ಕೆ ಏನು ಬರೆಯುತ್ತೀರಿ? ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಅಲ್ಲಿನ ಪತ್ರಗಳ ಮಾತೇ ಬೇರೆ ಇರಬಹುದು. ಹಳೆಯ ಕಾಗದದಲ್ಲಿ ಐವಜು ಈ ಅರ್ಥದಲ್ಲಿ ಕಂಡವರಿದ್ದರೆ ಸಾಲು ಸಮೇತ ತಿಳಿಸಿ. ಕಾಕಾ ಸೋಮವಾರ ಸಹಿ ಹಾಕುತ್ತಾರೆ. ಅಷ್ಟರೊಳಗೆ ಹೇಳಿದರೆ ಮೂರನೇ ಪುಟ ಇನ್ನೊಮ್ಮೆ ಟೈಪ್ ಮಾಡುತ್ತೇನೆ.